ಸ್ಕಾಟ್ಲೆಂಡ್‌ನಲ್ಲಿ ಎಲ್ಲ ಪುಕ್ಕಟೆ ಅಂತೀರಲ್ಲ, ಆ ರೊಕ್ಕ ಎಲ್ಲಿಂದ ಬರುತ್ತದೆ?

ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಗೋಕಾಕದ ತಂಗಿ ಮೊನ್ನೆ ಯುಕೆ ಕನ್ನಡಿಗರ ನಮ್ಮ ಗುಂಪಿನಲ್ಲಿ ಕೇಳಿದ್ದಳು, ಸ್ಕಾಟ್ಲೆಂಡ್‌ಗೆ ಮನೆ ಬದಲಾಯಿಸಿದರೆ ಮಕ್ಕಳ ಕಾಲೇಜು ಫೀಸು ಉಳಿಯುತ್ತದಂತೆ, ಔಷಧಿಗೂ ದುಡ್ಡಿಲ್ಲವಂತೆ, ಹೌದಾ ಅಂತ. ಅರ್ಧ ಜನ "ಹೌದು, ಬಂದುಬಿಡು" ಅಂದಿದ್ದೀರಿ. ಉಳಿದವರು "ಅದೆಲ್ಲ ಲಂಡನ್ ಕೊಡುವ ರೊಕ್ಕ, ಇಂಗ್ಲೆಂಡಿನವರು ತೆರಿಗೆ ಕಟ್ಟುತ್ತಾರೆ, ಸ್ಕಾಟ್ಲೆಂಡಿನವರು ಉಣ್ಣುತ್ತಾರೆ" ಅಂದಿದ್ದೀರಿ. ನನಗೆ ಎರಡೂ ಪೂರ್ತಿ ಸರಿ ಅನಿಸುವುದಿಲ್ಲ. ನಾನು ಇರುವುದು ಎಡಿನ್‌ಬರೋದಲ್ಲಿ, ಈಗ ಮಕ್ಕಳ ರಜೆಗೆ ವಿಜಯಪುರಕ್ಕೆ ಬಂದಿದ್ದೇನೆ. ಇಲ್ಲಿ ಕಾಕಾನ ಜೊತೆಗೂ ದಿನಾ ಇದೇ ಮಾತು ನಡೆಯುತ್ತಿದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಏನೇನು ಸಿಗುತ್ತದೆ ಅನ್ನುವುದು. ವೈದ್ಯರ ಚೀಟಿಯ ಔಷಧಿಗೆ ಸ್ಕಾಟ್ಲೆಂಡ್‌ನಲ್ಲಿ 2011ರಿಂದ ದುಡ್ಡಿಲ್ಲ. 22 ವರ್ಷದೊಳಗಿನವರಿಗೆ 2022ರಿಂದ ಬಸ್ ಪುಕ್ಕಟೆ. ಅಲ್ಲಿಯ ನಿವಾಸಿ ಅಂತ ಲೆಕ್ಕಕ್ಕೆ ಬರುವ ಮಕ್ಕಳಿಗೆ ಡಿಗ್ರಿ ಫೀಸನ್ನು ಸರ್ಕಾರವೇ ಕಟ್ಟುತ್ತದೆ. ಇಂಗ್ಲೆಂಡ್‌ನಲ್ಲಿ ಅದೇ ಫೀಸು 2025-26ರಲ್ಲಿ ವರ್ಷಕ್ಕೆ 9,535 ಪೌಂಡ್ ತನಕ ಇತ್ತು. ಇವೆಲ್ಲ ನಿಜ. ಬಡ ಕುಟುಂಬದ ಮಕ್ಕಳಿಗೆ ವಾರವಾರ ಕೊಡುವ ಸ್ಕಾಟಿಷ್ ಚೈಲ್ಡ್ ಪೇಮೆಂಟ್ ಮಾತ್ರ ಕೆಲಸದ ವೀಸಾದಲ್ಲಿರುವ ನಮ್ಮಂಥವರಿಗೆ ಸಿಗುವುದಿಲ್ಲ. ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

ಇನ್ನು ರೊಕ್ಕದ ವಿಷಯ. ಯುಕೆ ಒಳಗೇ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗೆ ಅವರವರದೇ ಸರ್ಕಾರ ಇದೆ, ಇಂಗ್ಲೆಂಡ್‌ ಅನ್ನು ಲಂಡನ್‌ನ ಸರ್ಕಾರವೇ ನೋಡಿಕೊಳ್ಳುತ್ತದೆ. ಸ್ಕಾಟ್ಲೆಂಡ್ ಸರ್ಕಾರಕ್ಕೆ ದುಡ್ಡು ಬರುವ ದೊಡ್ಡ ದಾರಿ ಎರಡು. ಒಂದು, ಲಂಡನ್‌ನ ಖಜಾನೆ ಕೊಡುವ ಇಡಿಗಂಟು, ಬ್ಲಾಕ್ ಗ್ರಾಂಟ್ ಅಂತಾರೆ. ಇನ್ನೊಂದು, ಅಲ್ಲಿನ ಸರ್ಕಾರವೇ ದರ ಹಾಕುವ ತೆರಿಗೆ.

ಇಡಿಗಂಟು ಪ್ರತಿ ವರ್ಷ ಎಷ್ಟು ಏರಬೇಕು ಅನ್ನುವುದನ್ನು ಬಾರ್ನೆಟ್ ಸೂತ್ರ ಹೇಳುತ್ತದೆ. 1970ರ ದಶಕದ ಕೊನೆಗೆ ಲಂಡನ್‌ನ ಖಜಾನೆಯಲ್ಲಿ ಮಂತ್ರಿಯಾಗಿದ್ದ ಜೋಯೆಲ್ ಬಾರ್ನೆಟ್ ಹೆಸರಿನದು. ಅಪ್ಪ ದೊಡ್ಡ ಮಗನಿಗೆ ಈ ವರ್ಷ ಎಷ್ಟು ಜಾಸ್ತಿ ಕೊಟ್ಟ ಅಂತ ನೋಡಿ, ಅದರ ಮೇಲೆ ಸಣ್ಣ ಮಗನ ಪಾಲು ತೆಗೆದ ಹಾಗೆ ಇದು. ಇಂಗ್ಲೆಂಡ್‌ನಲ್ಲಿ ಆಸ್ಪತ್ರೆಗಳಿಗೆ 10 ಕೋಟಿ ಪೌಂಡ್ ಹೆಚ್ಚಿಸಿದರು ಅಂದುಕೊಳ್ಳಿ. ಆರೋಗ್ಯ ಸ್ಕಾಟ್ಲೆಂಡ್ ಸರ್ಕಾರದ ಕೈಯಲ್ಲಿರುವ ವಿಷಯ. ಇಂಗ್ಲೆಂಡ್‌ನ ಜನಸಂಖ್ಯೆಗೆ ಹೋಲಿಸಿದರೆ ಸ್ಕಾಟ್ಲೆಂಡ್‌ನದು ಹತ್ತರಲ್ಲಿ ಒಂದು ಪಾಲಿಗಿಂತ ಚೂರು ಕಡಿಮೆ. ಹಾಗಾಗಿ ಒಂದು ಕೋಟಿಗೆ ಸ್ವಲ್ಪ ಕಡಿಮೆ ಅಲ್ಲಿಗೆ ಹೋಗುತ್ತದೆ. ಬಂದ ದುಡ್ಡನ್ನು ಆಸ್ಪತ್ರೆಗೇ ಹಾಕಬೇಕು ಅಂತ ಕಟ್ಟಳೆ ಇಲ್ಲ. ಶಾಲೆಗೆ ಹಾಕಬಹುದು, ಕಾಲೇಜು ಫೀಸಿಗೆ ಹಾಕಬಹುದು, ಅದು ಅವರ ಇಷ್ಟ. ಆದರೆ ಇಂಗ್ಲೆಂಡ್ ಖರ್ಚು ಕಡಿಮೆ ಮಾಡಿದರೆ ಸ್ಕಾಟ್ಲೆಂಡ್‌ನ ಪಾಲೂ ತನ್ನಿಂತಾನೇ ಇಳಿಯುತ್ತದೆ. ನಾವು ಎಡಿನ್‌ಬರೋದಲ್ಲಿ ಯಾರಿಗೆ ಮತ ಹಾಕಿದರೂ ಇಡಿಗಂಟು ಎಷ್ಟು ದೊಡ್ಡದು ಅನ್ನುವುದು ಇಂಗ್ಲೆಂಡ್‌ಗೆ ಎಷ್ಟು ಬೇಕು ಅಂತ ಲಂಡನ್ ತೀರ್ಮಾನಿಸುವುದರ ಮೇಲೆಯೇ ನಿಂತಿದೆ.

ಈ ಸೂತ್ರ ಯಾವ ಕಾಯ್ದೆಯಲ್ಲೂ ಇಲ್ಲ. ಖಜಾನೆಯ ನೀತಿ ಅಷ್ಟೇ. ಯಾರಿಗೆ ಎಷ್ಟು ಅಗತ್ಯ ಇದೆ ಅನ್ನುವುದನ್ನೂ ಅದು ಮೂಲದಲ್ಲಿ ನೋಡುವುದಿಲ್ಲ. ಸ್ಕಾಟ್ಲೆಂಡ್‌ಗೆ ಮುಂಚಿನಿಂದ ತಲಾ ಖರ್ಚು ಜಾಸ್ತಿ ಇತ್ತು, ಸೂತ್ರ ಮುಟ್ಟುವುದು ಹೊಸ ಏರಿಕೆಯನ್ನು ಮಾತ್ರ, ಹಾಗಾಗಿ ಆ ಹಳೇ ಹೆಚ್ಚುವರಿ ಇಂದಿಗೂ ಉಳಿದಿದೆ. ಬಡತನ ಜಾಸ್ತಿ ಇರುವ ವೇಲ್ಸ್ ವರ್ಷಗಟ್ಟಲೆ ಕೂಗಿದ ಮೇಲೆ 2018ರಿಂದ ಅವರ ಏರಿಕೆಯ ಮೇಲೆ 5% ಸೇರಿಸಿದರು. ಉತ್ತರ ಐರ್ಲೆಂಡ್‌ಗೆ 2024ರಲ್ಲಿ 24% ಒಪ್ಪಿದರು. 2009ರಲ್ಲೇ ಲಂಡನ್ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನ ಸಮಿತಿ ಈ ಸೂತ್ರ ಬಿಡಿ, ಅಗತ್ಯ ನೋಡಿ ಹಂಚಿ ಅಂದಿತ್ತು. ಬಾರ್ನೆಟ್ ಅವರೇ ಕೊನೆಗಾಲದಲ್ಲಿ ಇದು ನ್ಯಾಯವಲ್ಲ ಅಂತ ಹೇಳಿದ್ದರು. ಯಾರೂ ಬಿಡಲಿಲ್ಲ.

ಎಚ್‌ಎಸ್2 ರೈಲಿನ ಕಥೆ ನೋಡಿ. ಲಂಡನ್‌ನಿಂದ ಬರ್ಮಿಂಗ್‌ಹ್ಯಾಮ್‌ಗೆ ಹೋಗುವ ಹಳಿ. ವೇಲ್ಸ್‌ನಲ್ಲಿ ಒಂದು ಮೈಲಿಯೂ ಇಲ್ಲ. ಆದರೂ ಅದನ್ನು "ಇಂಗ್ಲೆಂಡ್ ಮತ್ತು ವೇಲ್ಸ್ ಯೋಜನೆ" ಅಂತ ಬರೆದುಕೊಂಡಿದ್ದಾರೆ, ಅಂದರೆ ಅದರ ಲಾಭ ವೇಲ್ಸ್‌ಗೂ ಇದೆ ಅಂತ ಲೆಕ್ಕ. ಅದರಿಂದ ಸ್ಕಾಟ್ಲೆಂಡ್‌ಗೂ ಉತ್ತರ ಐರ್ಲೆಂಡ್‌ಗೂ ಪಾಲು ಬಂತು, ವೇಲ್ಸ್‌ಗೆ ಬರಲಿಲ್ಲ. ಯಾವ ಖರ್ಚು ಯಾರ ತಲೆಗೆ ಅಂತ ಬರೆಯುವ ಪೆನ್ನು ಒಬ್ಬರ ಕೈಯಲ್ಲೇ ಇದ್ದರೆ ಹೀಗಾಗುತ್ತದೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಈಗ ತೆರಿಗೆ. ಇದು ನಮ್ಮ ಜೇಬಿಗೆ ನೇರ ತಾಗುವುದು. ಸ್ಕಾಟ್ಲೆಂಡ್‌ನಲ್ಲಿ ವಾಸ ಇದ್ದರೆ ಸಂಬಳದ ಚೀಟಿಯಲ್ಲಿ ತೆರಿಗೆ ಕೋಡ್ ಎಸ್ ಅಕ್ಷರದಿಂದ ಶುರುವಾಗುತ್ತದೆ, ಸಾಮಾನ್ಯವಾಗಿ ಎಸ್1257ಎಲ್. ಆಫೀಸು ಎಲ್ಲಿದೆ ಅನ್ನುವುದು ಮುಖ್ಯವಲ್ಲ, ಮನೆ ಎಲ್ಲಿದೆ ಅನ್ನುವುದು ಮುಖ್ಯ. ಲಂಡನ್ ಕಂಪನಿಗೆ ಮನೆಯಿಂದಲೇ ಕೆಲಸ ಮಾಡಿದರೂ ಮನೆ ಗ್ಲಾಸ್ಗೋದಲ್ಲಿದ್ದರೆ ಸ್ಕಾಟಿಷ್ ದರವೇ. ಅಲ್ಲಿ 43,662 ಪೌಂಡ್ ದಾಟಿದ ಕೂಡಲೇ 42% ಶುರು. ಇಂಗ್ಲೆಂಡ್‌ನಲ್ಲಿ 50,270 ದಾಟಿದ ಮೇಲೆ 40%. ಈ ಎರಡು ಗೆರೆಗಳ ನಡುವೆ ದುಡಿಯುವ ಪ್ರತಿ ಪೌಂಡ್‌ಗೆ ಸಂಬಳದಲ್ಲೇ ಹಿಡಿಯುವ ಸಾಮಾಜಿಕ ವಿಮೆ, ಅಂದರೆ ನ್ಯಾಷನಲ್ ಇನ್ಶೂರೆನ್ಸ್ 8% ಸೇರಿಸಿದರೆ ಸ್ಕಾಟ್ಲೆಂಡ್‌ನಲ್ಲಿ ಅರ್ಧಕ್ಕರ್ಧ ಹೋಯಿತು. ವರ್ಷಕ್ಕೆ 50,000 ಸಂಬಳ ಇದ್ದವರು 2025-26ರ ದರದಲ್ಲಿ ಇಂಗ್ಲೆಂಡ್‌ಗಿಂತ 1,500 ಪೌಂಡ್‌ಗೂ ಸ್ವಲ್ಪ ಜಾಸ್ತಿ ಕಟ್ಟುತ್ತಾರೆ. 30,000ದ ಒಳಗಿನವರಿಗೆ ಚೂರು ಕಡಿಮೆಯೇ ಬೀಳುತ್ತದೆ. ನಮ್ಮ ಗುಂಪಿನಲ್ಲಿ ನರ್ಸ್‌ಗಳೂ ಇದ್ದಾರೆ, ಐಟಿಯವರೂ ಇದ್ದಾರೆ. ಇಬ್ಬರಿಗೂ ಲೆಕ್ಕ ಬೇರೆ ಬೇರೆ.

ಹೀಗೆ ಹೆಚ್ಚು ಕಟ್ಟಿದ್ದೆಲ್ಲ ಸ್ಕಾಟ್ಲೆಂಡ್‌ಗೆ ಉಳಿಯುತ್ತದಾ? ಪೂರ್ತಿ ಇಲ್ಲ. ಆದಾಯ ತೆರಿಗೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದಕ್ಕೆ ಪ್ರತಿಯಾಗಿ ಲಂಡನ್ ಇಡಿಗಂಟಿನಲ್ಲಿ ಒಂದಷ್ಟು ಹಿಡಿದುಕೊಳ್ಳುತ್ತದೆ. ಆ ಹಿಡಿತ ವರ್ಷವರ್ಷ ಉಳಿದ ಯುಕೆಯಲ್ಲಿ ತಲಾ ತೆರಿಗೆ ಏರಿದ ವೇಗದಲ್ಲೇ ಏರುತ್ತದೆ. ಲಂಡನ್‌ನಲ್ಲಿ ಬ್ಯಾಂಕಿನವರ ಸಂಬಳ ಜೋರಾಗಿ ಏರಿ ಸ್ಕಾಟ್ಲೆಂಡ್‌ನಲ್ಲಿ ಏರದಿದ್ದರೆ, ದರ ಹೆಚ್ಚಿಸಿಯೂ ಕೈಗೆ ಬರುವುದು ಕಡಿಮೆ. ಮೊದಲು ಅಂದಾಜಿನ ಮೇಲೆ ದುಡ್ಡು ಕೊಟ್ಟು, ವರ್ಷಗಳಾದ ಮೇಲೆ ನಿಜವಾದ ಲೆಕ್ಕ ಬಂದಾಗ ಹೆಚ್ಚಾಗಿದ್ದನ್ನು ವಾಪಸ್ ಹಿಡಿಯುತ್ತಾರೆ. ಪುಕ್ಕಟೆ ಡಿಗ್ರಿ ಸೀಟುಗಳಿಗೆ ಮಿತಿ ಇರುವುದೂ ಇದಕ್ಕೇ. ಫೀಸು ಕಟ್ಟುವುದು ಸರ್ಕಾರ, ಸರ್ಕಾರದ ಕೈ ಇಷ್ಟೇ ಉದ್ದ, ಹಾಗಾಗಿ ಸ್ಕಾಟಿಷ್ ಮಕ್ಕಳಿಗೆ ಇಷ್ಟೇ ಸೀಟು ಅಂತ ಗೆರೆ. ಅದನ್ನು ನೆಚ್ಚಿಕೊಂಡು ಬರುವವರು ಇದನ್ನೂ ತಿಳಿದಿರಬೇಕು.

ಇದನ್ನೆಲ್ಲ ಹೇಳಿದಾಗ ಕಾಕಾ ಅಂದ, "ಹಂಗಾದ್ರ ಅಲ್ಲೂ ಒಂದು ದಿಲ್ಲಿ ಅದ ಅನ್ನು." ಹೌದು, ಅದೇ ಜಗಳ. ನಮ್ಮಲ್ಲಿ 14ನೇ ಹಣಕಾಸು ಆಯೋಗದ ಕಾಲದಲ್ಲಿ ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಪಾಲಿನಲ್ಲಿ ಕರ್ನಾಟಕಕ್ಕೆ 4.713% ಇತ್ತು, 15ನೇ ಆಯೋಗ ಅದನ್ನು 3.647%ಗೆ ಇಳಿಸಿತು. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವೇ ಜಂತರ್ ಮಂತರ್‌ಗೆ ಹೋಗಿ ಕೂತಿತ್ತು. ಸೆಸ್ಸು, ಸರ್‌ಚಾರ್ಜು ಅಂತ ಕೇಂದ್ರ ಎತ್ತುವ ದುಡ್ಡಿನಲ್ಲಿ ರಾಜ್ಯಗಳಿಗೆ ಪಾಲೇ ಇಲ್ಲ, ಅದು ಬೇರೆ. ಆದರೂ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ 5 ವರ್ಷಕ್ಕೊಮ್ಮೆ ಸಂವಿಧಾನದ 280ನೇ ವಿಧಿ ಪ್ರಕಾರ ಆಯೋಗ ಕೂರುತ್ತದೆ. ರಾಜ್ಯಗಳ ಮಾತು ಕೇಳುತ್ತದೆ. ಯಾವುದಕ್ಕೆ ಎಷ್ಟು ತೂಕ ಅಂತ ಬರೆದು ಕೊಡುತ್ತದೆ. ಬಡ ರಾಜ್ಯಕ್ಕೆ ಜಾಸ್ತಿ ಸಿಗಬೇಕು ಅನ್ನುವ ಲೆಕ್ಕಕ್ಕೇ 15ನೇ ಆಯೋಗ 45% ತೂಕ ಇಟ್ಟಿತ್ತು. ಲಂಡನ್‌ನಲ್ಲಿ ಅಂಥ ಆಯೋಗವೇ ಇಲ್ಲ. ಈ ಒಂದು ವಿಷಯದಲ್ಲಿ ನಮ್ಮದೇ ಮೇಲು ಅಂತ ನಾನು ಎಡಿನ್‌ಬರೋದ ಗೆಳೆಯರಿಗೂ ಹೇಳುತ್ತೇನೆ.

ನಮಗೆ ಪೆಟ್ಟು ಬೀಳುವುದು ಸರಾಸರಿಯಲ್ಲಿ. ಬೆಂಗಳೂರು ಸೇರಿಸಿ ತಲಾ ಆದಾಯ ತೆಗೆದರೆ ಕರ್ನಾಟಕ ಶ್ರೀಮಂತ ರಾಜ್ಯ, ಹಾಗಾಗಿ ಪಾಲು ಕಡಿಮೆ. ಆ ಸರಾಸರಿಯಲ್ಲಿ ಸಿಂದಗಿ ಕಡೆ ಮಳೆ ನೋಡಿ ತೊಗರಿ ಬಿತ್ತುವ ರೈತ ಎಲ್ಲಿ ಕಾಣುತ್ತಾನೆ? ದಿಲ್ಲಿಯಿಂದ ಕಡಿಮೆ ಬಂತು ಅಂತ ಬೆಂಗಳೂರು ಹೇಳುತ್ತದೆ, ಸರಿ, ಬೆಂಗಳೂರಿನಿಂದ ವಿಜಯಪುರಕ್ಕೆ ಎಷ್ಟು ಬರಬೇಕು ಅಂತ ಬರೆದಿಟ್ಟಿರುವುದು ಎಲ್ಲಿ? ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಪಟ್ಟಿ ಮಾಡಿ ಕೊಟ್ಟಿತು. ಭೀಮಾ ನದಿ ದಾಟಿ ಅಫಜಲಪುರಕ್ಕೆ ಹೋದರೆ ಅದು ಕಲಬುರಗಿ ಜಿಲ್ಲೆ, ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ಇದೆ, ಅಭಿವೃದ್ಧಿ ಮಂಡಳಿ ಇದೆ, ಸೀಟು ಮತ್ತು ನೌಕರಿಯಲ್ಲಿ ಮೀಸಲಾತಿ ಇದೆ. ಈಚೆ ದಂಡೆಯ ನಾವು ಹಳೇ ಮುಂಬಯಿ ಪ್ರಾಂತ್ಯದವರು, ನಮಗಿಲ್ಲ. ಹೊಲದ ಮಣ್ಣು ಒಂದೇ, ಮಳೆಯೂ ಒಂದೇ. ವೇಲ್ಸ್‌ನವರ ಸಂಕಟ ನಮಗೆ ಬೇಗ ಅರ್ಥ ಆಗುವುದು ಇದಕ್ಕೇ. ಅಗತ್ಯ ನೋಡಿ ಕೊಡಿ, ರಾಜ್ಯದ ಸರಾಸರಿ ನೋಡಿ ಅಲ್ಲ. ಅಲ್ಲಿಯೂ ಇಲ್ಲಿಯೂ ನನ್ನ ಮಾತು ಅದೇ.

ತಂಗಿಗೆ ನೇರ ಉತ್ತರ. ನಿನ್ನ ಮಗ ಈಗ ಶಾಲೆಯ ಒಂಬತ್ತನೇ ವರ್ಷದಲ್ಲಿ (ಇಯರ್ 9) ಇದ್ದಾನೆ ಅಂದಿದ್ದೆ. ಫೀಸಿಗಾಗಿ ಬರುವುದಾದರೆ ಮೊದಲು ವೀಸಾ ಯಾವುದು, ಯುಕೆಯಲ್ಲಿ ಎಷ್ಟು ವರ್ಷದಿಂದ ವಾಸ, ಇವೆರಡನ್ನೂ ನೋಡಿಕೊ. ಬರೀ ಓದಲಿಕ್ಕೆ ಅಂತ ಬಂದು ನಿಂತರೆ ಸ್ಕಾಟಿಷ್ ನಿವಾಸಿ ಅಂತ ಒಪ್ಪುವುದಿಲ್ಲ. ಮನೆ, ಕೆಲಸ, ಶಾಲೆ ಎಲ್ಲ ಮುಂಚೆಯೇ ಅಲ್ಲಿರಬೇಕು. ಗಂಡ ಹೆಂಡತಿ ಇಬ್ಬರ ಸಂಬಳವನ್ನೂ ಎರಡೂ ಕಡೆಯ ದರದಲ್ಲಿ ಹಾಕಿ, ಹತ್ತು ವರ್ಷದ ಹೆಚ್ಚುವರಿ ತೆರಿಗೆಯನ್ನು ಇಂಗ್ಲೆಂಡ್‌ನ ಮೂರು ವರ್ಷದ ಫೀಸಿನ ಪಕ್ಕ ಇಟ್ಟು ನೋಡು. ಸ್ಕಾಟ್ಲೆಂಡ್‌ನಲ್ಲಿ ಆನರ್ಸ್ ಡಿಗ್ರಿ ನಾಲ್ಕು ವರ್ಷ, ಅಂದರೆ ಮನೆ ಬಾಡಿಗೆಯೂ ಒಂದು ವರ್ಷ ಜಾಸ್ತಿ. ನನ್ನ ಲೆಕ್ಕದಲ್ಲಿ ಇಬ್ಬರು ಮಕ್ಕಳಿದ್ದು ಸಂಬಳ ಮಧ್ಯಮ ಇದ್ದರೆ ಬರುವುದೇ ಲಾಭ. ಒಂದೇ ಮಗು, ಸಂಬಳ ದೊಡ್ಡದು ಅಂದರೆ ಫೀಸು ಒಂದಕ್ಕೇ ಊರು ಬಿಡಬೇಡ.

ಬಂದ ಮೇಲೆ ಮತದಾರರ ಪಟ್ಟಿಯಲ್ಲಿ ಹೆಸರು ಹಾಕಿಸು. ಇದನ್ನು ನಮ್ಮವರು ಬಹಳ ಜನ ಮಾಡುವುದೇ ಇಲ್ಲ. ಕಾಮನ್‌ವೆಲ್ತ್ ದೇಶದವರು ಅನ್ನುವ ಕಾರಣಕ್ಕೆ ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡೇ ನಾವು ಅಲ್ಲಿ ಮತ ಹಾಕಬಹುದು, ಲಂಡನ್ ಸಂಸತ್ತಿಗೂ, ಎಡಿನ್‌ಬರೋದ ಸಂಸತ್ತಿಗೂ. ಎಡಿನ್‌ಬರೋದ ಸಂಸತ್ತಿಗೆ 16 ವರ್ಷಕ್ಕೇ ಮತ ಇದೆ. ಅಂದರೆ ಆ ಹೊತ್ತಿಗೆ ಚುನಾವಣೆ ಬಂದರೆ ನಿನ್ನ ಮಗ ಕಾಲೇಜು ಸೇರುವ ಮುಂಚೆಯೇ ಆ ಫೀಸಿನ ನೀತಿ ಮಾಡುವವರನ್ನು ಆರಿಸಬಹುದು.

ಕಾರ್ಡಿಫ್‌ನಲ್ಲಿರುವ ಮುಧೋಳದ ಅಣ್ಣನವರು ಇದನ್ನು ಓದುತ್ತಿದ್ದರೆ, ವೇಲ್ಸ್‌ನಲ್ಲಿ ಮಕ್ಕಳ ಕಾಲೇಜಿಗೆ ಸರ್ಕಾರ ಏನು ಕೊಡುತ್ತದೆ, ಎಷ್ಟು ಸಾಲ, ಎಷ್ಟು ಸಹಾಯಧನ ಅಂತ ಕೆಳಗೆ ಬರೆಯಿರಿ. ನಿಮ್ಮ ದೊಡ್ಡ ಮಗಳ ಕಾಲೇಜು ಸೇರ್ಪಡೆ ಈಗಷ್ಟೇ ಆಗಿದೆಯಲ್ಲ, ಆ ಕಾಗದ ಪತ್ರ ಎಲ್ಲ ನಿಮಗೆ ಗೊತ್ತು.