ಹಗ್ಗದ ಮೇಲಿನ ಹುಡುಗಿಯ ಭಾರ

ಪ್ರಶ್ನೆ: ಚಿತ್ರಕಲಾ ಶಿಕ್ಷಕಿ, ಕಲಬುರಗಿ

ಶರಣಬಸವೇಶ್ವರ ಜಾತ್ರೆಯಲ್ಲಿ ದೊಂಬರಾಟದ ಹುಡುಗಿಯೊಬ್ಬಳು ತಲೆಯ ಮೇಲೆ ಮೂರು ಚೊಂಬು ಹೊತ್ತು ಹಗ್ಗದ ಮೇಲೆ ನಡೆದಳು. ಎಂಟೋ ಒಂಬತ್ತೋ ವರ್ಷದವಳು. ಕೆಳಗೆ ಅಪ್ಪ ಡೋಲು ಬಡಿಯುತ್ತಿದ್ದ, ತಾಯಿ ತಟ್ಟೆ ಹಿಡಿದು ಜನರ ನಡುವೆ ತಿರುಗುತ್ತಿದ್ದಳು. ಚಿತ್ರಕಾರ ಮಾರ್ಕ್ ಶಗಾಲ್‌ನ ಸರ್ಕಸ್ ಚಿತ್ರಗಳೆಂದರೆ ನನಗೆ ಪ್ರಾಣ. ಮನೆಗೆ ಬಂದವಳೇ ಅವನಂತೆ ಹುಡುಗಿಯನ್ನು ನೀಲಿಯಲ್ಲಿ ತೇಲಿಸಿದೆ. ಹಗ್ಗವನ್ನೂ ಬಿದಿರಿನ ಗಳವನ್ನೂ ಬಿಟ್ಟೆ. ಚಿತ್ರ ಚೆಂದವಾಯಿತು. ಚೆಂದವಾದದ್ದೇ ಈಗ ನಿದ್ದೆ ಕೆಡಿಸಿದೆ. ಅವಳ ಹಸಿವು, ಅಂಗಾಲಿನ ಉರಿ, ಬಿಸಿಲು, ಒಂದೂ ಅಲ್ಲಿಲ್ಲ. ಕನಸಿನಂತೆ ಬಿಡಿಸಿಯೂ ಅವಳ ಮೈಭಾರವನ್ನು ಉಳಿಸುವುದು ಹೇಗೆ?

ಉತ್ತರ 1: ನಿವೃತ್ತ ಉಪನ್ಯಾಸಕ, ಬೀದರ್

ತಂಗಿ, ಶಗಾಲ್ ಅಷ್ಟು ಹಗುರವಲ್ಲ. 1920ರ ದಶಕದಲ್ಲಿ ಪ್ಯಾರಿಸಿನ ಸರ್ಕಸ್ಸಿಗೆ ಅವನನ್ನು ಕರೆದೊಯ್ದವನು ಕಲಾವ್ಯಾಪಾರಿ ವೊಲಾರ್. ಆದರೆ ಅದಕ್ಕೂ ಎಷ್ಟೋ ಮೊದಲು, ಹುಟ್ಟೂರು ವಿಟೆಬ್ಸ್ಕ್‌ನ ಬೀದಿಯಲ್ಲಿ ಮಕ್ಕಳೊಂದಿಗೆ ಹೊಟ್ಟೆಪಾಡಿಗಾಗಿ ಕಸರತ್ತು ಮಾಡುತ್ತಿದ್ದವನೊಬ್ಬನನ್ನು ಶಗಾಲ್ ಕಂಡಿದ್ದ. ನೀವು ಜಾತ್ರೆಯಲ್ಲಿ ಕಂಡದ್ದೂ ಅದನ್ನೇ ಅಲ್ಲವೇ? 1950ರ ‘ನೀಲಿ ಸರ್ಕಸ್’ ನೋಡಿ. ಕೆಂಪು ಉಡುಪಿನವಳು ತಲೆಕೆಳಗಾಗಿದ್ದಾಳೆ, ಮೀನು ಹೂಗುಚ್ಛ ಹಿಡಿದಿದೆ, ಚಂದ್ರ ಪಿಟೀಲು ನುಡಿಸುತ್ತಿದ್ದಾನೆ. ಅಷ್ಟು ಎತ್ತರದ ಕನಸಿನಲ್ಲೂ ವಾದ್ಯ ನಿಂತಿಲ್ಲ. ನಿಮ್ಮ ಚಿತ್ರದಲ್ಲಿ ಡೋಲು ಎಲ್ಲಿ?

ಉತ್ತರ 2: ಕಲಾ ವಿದ್ಯಾರ್ಥಿ, ಯಾದಗಿರಿ

ಪಿಕಾಸೊ 1905ರಲ್ಲಿ ಬಿಡಿಸಿದ ಬೀದಿ ಕಸರತ್ತಿನವರ ಕುಟುಂಬವನ್ನೂ ನೋಡಿ, ಮೇಡಂ. ಎರಡು ಮೀಟರಿಗಿಂತ ದೊಡ್ಡ ಕ್ಯಾನ್ವಾಸು, ಆರು ಜನ, ಸುತ್ತ ಬಟ್ಟಬಯಲು. ಆಟವೇ ಇಲ್ಲ, ಒಬ್ಬರ ಕಣ್ಣು ಇನ್ನೊಬ್ಬರ ಕಣ್ಣನ್ನು ಸಂಧಿಸುವುದಿಲ್ಲ. ಅದೂ ಕನಸೇ, ಆದರೆ ಕಾಲು ಮಣ್ಣಿನಲ್ಲೇ ಇದೆ.

ಉತ್ತರ 3: ಓದುಗ, ಶಹಾಪುರ

ಅಕ್ಕಾ, ನನ್ನ ಅಜ್ಜಿ ಹಗ್ಗದ ಮೇಲೆ ನಡೆದವಳು. ದಯವಿಟ್ಟು ಹಗ್ಗವನ್ನು ಬಿಡಬೇಡಿ. ಅದು ಗೆರೆ ಎಳೆದಂತೆ ನೇರವಾಗಿರುವುದಿಲ್ಲ, ಕಾಲಿಟ್ಟಲ್ಲಿ ತಗ್ಗುತ್ತದೆ. ಹೆಬ್ಬೆರಳಿನ ಸಂದಿಯಲ್ಲಿ ಹಗ್ಗ ಸಿಕ್ಕಿಸಿಕೊಂಡು ಹೆಜ್ಜೆ ಇಡುತ್ತಾರೆ. ಅಜ್ಜಿಯ ಆ ಸಂದಿ ಮುಪ್ಪಿನಲ್ಲೂ ಕಲ್ಲಿನಂತೆ ಗಟ್ಟಿಯಾಗಿತ್ತು. ಗಳ ಉದ್ದವಿದ್ದಷ್ಟೂ ಮೈ ನಿಧಾನವಾಗಿ ವಾಲುತ್ತದೆ, ಸಾವರಿಸಿಕೊಳ್ಳಲು ಒಂದು ಗಳಿಗೆ ಸಿಗುತ್ತದೆ. ಹುಡುಗಿಯ ಜೀವ ಇರುವುದು ಆ ಗಳಿಗೆಯಲ್ಲಿ. ಹಗ್ಗವನ್ನು ಆಕಾಶಕ್ಕೇ ಕಟ್ಟಿ ಬೇಕಾದರೆ, ಆದರೆ ತಗ್ಗಿಸಿ.

ಪ್ರಶ್ನೆ ಕೇಳಿದವರು

ತಮ್ಮಾ, ನಿಮ್ಮ ಮಾತು ಓದಿ ರಾತ್ರಿಯೇ ಕುಂಚ ಹಿಡಿದೆ. ನೀಲಿ ಹಾಗೆಯೇ ಇದೆ. ಅವಳ ಕಾಲಡಿ ಹಗ್ಗ ಬಂದಿದೆ, ಒಂದು ಗೇಣು ತಗ್ಗಿದೆ. ಡೋಲನ್ನು ಕೆಳಗೆ ಬಲಮೂಲೆಯಲ್ಲಿ ಇಟ್ಟಿದ್ದೇನೆ. ಅಪ್ಪನ ಮುಖ ಇನ್ನೂ ಬಿಡಿಸಿಲ್ಲ. ಅವನು ಮೇಲೆ ನೋಡುತ್ತಿದ್ದನೋ, ತಟ್ಟೆಯತ್ತ ನೋಡುತ್ತಿದ್ದನೋ, ನೆನಪಿಸಿಕೊಳ್ಳುತ್ತಿದ್ದೇನೆ.