ಮುಸ್ಸಂಜೆ ಕಬ್ಬೆಕ್ಕಿನ ಫೋಟೋ ಮಸುಕಾಗ್ತಿದೆ, ಲೆನ್ಸ್ ಬದಲಿಸಬೇಕಾ?

ತೋಟದಂಚು:
ಮನೆ ಕೊಪ್ಪದ ಹತ್ತಿರ. ಹಿತ್ತಲಿನ ಬೈನೆ ಮರ ಹಣ್ಣು ಬಿಟ್ಟಿದೆ, ಕತ್ತಲಾಗುತ್ತಿದ್ದಂತೆ ಕಬ್ಬೆಕ್ಕು (ಪುನುಗಿನ ಜಾತಿಯ ಕಾಡುಪ್ರಾಣಿ) ಹಾಜರ್. ಜಗಲಿಯಿಂದ ಮರಕ್ಕೆ ಹತ್ತು ಮೀಟರ್. ಕ್ಯಾಮೆರಾ ಕೆನಾನ್ 200ಡಿ, ಲೆನ್ಸ್ 55-250 ಎಂಎಂ ಜೂಮ್. ಪೂರ್ತಿ ಜೂಮ್‌ನಲ್ಲಿ ಲೆನ್ಸಿನ ಕಿಂಡಿ ಎಫ್/5.6, ಬೆಳಕಿನ ಸೂಕ್ಷ್ಮತೆ (ಐಎಸ್ಒ) 6400, ಶಟರ್ ವೇಗ 1/15 ಸೆಕೆಂಡ್. ಟ್ರೈಪಾಡ್ ಮೇಲಿಟ್ಟರೂ ಪ್ರಾಣಿ ಮಸುಕು, ನಾಯ್ಸ್ (ಚಿತ್ರದಲ್ಲಿ ಕಾಳುಕಾಳು) ಬೇರೆ. ಹೊಸ ಕ್ಯಾಮೆರಾ ಬಾಡಿ ತಗೊಳ್ಳಲಾ?

ಕಪ್ಪುಬಿಳುಪು:
ಬಾಡಿ ಬೇಡ. ಟ್ರೈಪಾಡ್ ನಿಮ್ಮ ಕೈ ನಡುಕ ನಿಲ್ಲಿಸುತ್ತದೆ, ಬೆಕ್ಕಿನ ಓಡಾಟವನ್ನಲ್ಲ. 50 ಎಂಎಂ ಎಫ್/1.8 ಲೆನ್ಸ್ ತಗೊಳ್ಳಿ. ಎಫ್/5.6ಕ್ಕಿಂತ ಹೆಚ್ಚುಕಮ್ಮಿ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಂದರೆ ಅದೇ ಐಎಸ್ಒನಲ್ಲಿ 1/15 ಇದ್ದದ್ದು 1/150 ಆಗುತ್ತದೆ. ಬೆಕ್ಕು ನಿಂತು ಮೂಸುವಾಗ 1/60 ಸಾಕು, ಆಗ ಐಎಸ್ಒ 3200ಕ್ಕಿಂತ ಕೆಳಗೂ ಇಳಿಸಬಹುದು.

ಆದರೆ ಹತ್ತು ಮೀಟರ್‌ನಿಂದ 50ರಲ್ಲಿ ಬೆಕ್ಕು ಚುಕ್ಕೆಯಷ್ಟೇ ಕಾಣುತ್ತದೆ. ಕ್ಯಾಮೆರಾವನ್ನೇ ಮರದಿಂದ ನಾಲ್ಕು ಮೀಟರ್ ದೂರಕ್ಕೆ ಒಯ್ದು ಇಡಿ, ನೀವು ಜಗಲಿಯಲ್ಲೇ ಕೂತು ಫೋನಿನಿಂದ ವೈಫೈ ಮೂಲಕ ಕ್ಲಿಕ್ ಮಾಡಿ. ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದು ಚಾರ್ಜ್ ಮಾಡಿಟ್ಟಿರಿ. ಫೋಕಸ್ ಬೆಳಕಿರುವಾಗಲೇ ಮುಗಿಸಿ: ಬೆಕ್ಕು ನಿಲ್ಲುವ ಜಾಗದಲ್ಲಿ ಒಂದು ಕೋಲು ನೆಟ್ಟು, ಲೈವ್ ವ್ಯೂನಲ್ಲಿ (ಕ್ಯಾಮೆರಾದ ಪರದೆಯಲ್ಲಿ) ಹತ್ತು ಪಟ್ಟು ದೊಡ್ಡದು ಮಾಡಿ ಫೋಕಸ್ ಕೂರಿಸಿ, ಲೆನ್ಸ್ ಗುಂಡಿಯನ್ನು ಮ್ಯಾನ್ಯುಯಲ್ ಫೋಕಸ್ ಅಂದರೆ ಎಂಎಫ್‌ಗೆ ತಳ್ಳಿ, ಕೋಲು ಕಿತ್ತು ಬನ್ನಿ. ಎಫ್/1.8ರಲ್ಲಿ ಅಷ್ಟು ದೂರಕ್ಕೆ ಸ್ಪಷ್ಟವಾಗಿ ಸಿಗುವುದು ಹಿಂದೆಮುಂದೆ ಸೇರಿ ಒಂದೂವರೆ ಅಡಿಯಷ್ಟೇ. ಹಾಗಾಗಿ ಬೆಕ್ಕು ನಡೆಯುವ ದಾರಿ ಕ್ಯಾಮೆರಾಕ್ಕೆ ಅಡ್ಡ ಹಾಯ್ದಿರಲಿ, ಎದುರಿಗೆ ಬರುವಂತೆ ಬೇಡ.

ಹಳೇ ಅಗಳ:
ದಾರಿ ಹುಡುಕೋದು ಸುಲಭ. ಕಬ್ಬೆಕ್ಕು ಕಲ್ಲು, ಅಗಳದ ದಿಬ್ಬ, ಬಿದ್ದ ಮರದ ಮೇಲೆ ಹಿಕ್ಕೆ ಹಾಕುತ್ತೆ. ಈಗಿನ ಹಿಕ್ಕೆ ತುಂಬ ಬೈನೆ ಬೀಜವೇ ಇರುತ್ತೆ, ನೋಡಿದ ಕೂಡಲೇ ಗೊತ್ತಾಗುತ್ತೆ. ಮರದ ಬುಡದಲ್ಲಿ ಬರಿಗೈಲಿ ಕೆಲಸ ಮಾಡಬೇಡಿ ಮಾರಾಯ್ರೆ, ಆ ಹಣ್ಣಿನ ರಸ ತಾಗಿದರೆ ವಿಪರೀತ ತುರಿಕೆ. ಬಾಳೆಹಣ್ಣು ಇಟ್ಟು ಕರೆಯೋದಂತೂ ಬೇಡವೇ ಬೇಡ. ಇವತ್ತು ಹಿತ್ತಲು, ನಾಳೆ ಅಡುಗೆಮನೆ ಹೆಂಚು.

ಮಿಣುಕು:
ಲೆನ್ಸ್ ಸರಿ, ಆದರೆ ಪೂರ್ತಿ ಕತ್ತಲಾದ ಮೇಲೆ ಎಫ್/1.8 ಕೂಡ ಕೈಕೊಡುತ್ತದೆ. ಕ್ಯಾಮೆರಾದಿಂದ ಬೇರೆಯಾಗಿ ಇಡುವ ಫ್ಲಾಶ್ ಬೇಕು. ಬೆಕ್ಕು ನಿಲ್ಲುವ ಜಾಗದಿಂದ ಎರಡೂಕಾಲು ಮೀಟರ್ ದೂರದಲ್ಲಿ, ಪಕ್ಕಕ್ಕೆ, ಎದೆ ಎತ್ತರಕ್ಕೆ ಕಟ್ಟಿ. ಫ್ಲಾಶ್ ಪವರ್ ಮ್ಯಾನ್ಯುಯಲ್ 1/32 (ಪೂರ್ತಿ ಪವರಿನ 32ನೇ ಒಂದು ಭಾಗ), ಐಎಸ್ಒ 800, ಎಫ್/8ರಿಂದ ಶುರು ಮಾಡಿ. ಶಟರ್ 1/200 ದಾಟಿಸಬೇಡಿ, ದಾಟಿದರೆ ಚೌಕಟ್ಟಿನ ಒಂದಂಚು ಕಪ್ಪಾಗುತ್ತದೆ. ಅಷ್ಟು ಕಡಿಮೆ ಪವರ್‌ನಲ್ಲಿ ಫ್ಲಾಶ್ ಮಿಂಚುವುದು 1/5000 ಸೆಕೆಂಡಿಗಿಂತ ಕಡಿಮೆ ಹೊತ್ತು, ನಡೆಯುವ ಬೆಕ್ಕೂ ಫೋಟೋದಲ್ಲಿ ಕಲ್ಲಿನಂತೆ ನಿಲ್ಲುತ್ತದೆ. ಕ್ಯಾಮೆರಾದ ತಲೆ ಮೇಲಿನ ಫ್ಲಾಶ್ ಹಾಕಿದರೆ ಕಣ್ಣಿನ ಹಿಂಪದರದಿಂದ ಬೆಳಕು ನೇರ ಲೆನ್ಸಿಗೇ ವಾಪಸ್ ಬಂದು ಎರಡು ಬಲ್ಬ್ ಉರಿದಂತೆ ಕಾಣುತ್ತದೆ. ಫ್ಲಾಶಿನ ಆಟೋ ಪವರ್ ಆಫ್ ತೆಗೆದಿಡಿ, ಇಲ್ಲದಿದ್ದರೆ ಬೆಕ್ಕು ಬರುವಾಗ ಅದು ನಿದ್ದೆಯಲ್ಲಿರುತ್ತದೆ.

ಕಪ್ಪುಬಿಳುಪು:
ಫ್ಲಾಶ್ ವಿಷಯಕ್ಕೆ ನನ್ನ ತಕರಾರಿದೆ. ಕತ್ತಲಿಗೆ ಒಗ್ಗಿದ ಕಣ್ಣಿಗೆ ಪದೇಪದೇ ಮಿಂಚು ಹೊಡೆಯುವುದು ಸರಿಯಲ್ಲ, ಕಾಡುಪಾಪ (ರಾತ್ರಿ ಓಡಾಡುವ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ) ಇರುವ ತೋಟಗಳಲ್ಲಂತೂ ಬೇಡವೇ ಬೇಡ. ಒಂದು ಎಲ್‌ಇಡಿ ಬಲ್ಬನ್ನು ಮರದ ಕಡೆ ತಿರುಗಿಸಿ, ದಿನಾ ಅದು ಬರುವ ಮುಂಚೆಯೇ ಹಾಕಿ, ಹೋದ ಮೇಲೆ ಆರಿಸಿ. ಪ್ರಾಣಿ ಎದುರಿಗಿರುವಾಗ ಸ್ವಿಚ್ ಮುಟ್ಟಬೇಡಿ. ಬಲ್ಬನ್ನು ಅರ್ಧ ದೂರಕ್ಕೆ ತಂದರೆ ಬೆಳಕು ನಾಲ್ಕು ಪಟ್ಟು, ವ್ಯಾಟ್ ಹೆಚ್ಚಿಸುವುದಕ್ಕಿಂತ ಇದೇ ಲಾಭ. ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100 ಅಥವಾ 1/50 ಇಟ್ಟರೆ ಸರಿ, ವೇಗ ಹೆಚ್ಚಿಸಿದರೆ ಒಂದು ಫೋಟೋ ಬೆಳ್ಳಗೆ, ಮುಂದಿನದು ಕಪ್ಪಗೆ, ಕೆಲವದರಲ್ಲಿ ಪಟ್ಟೆ.

ಮಿಣುಕು:
ಕಾಡುಪಾಪದ ಮಾತು ಒಪ್ಪಿದೆ. ಬೆಕ್ಕಿಗೂ ಒಂದೋ ಎರಡೋ ಫ್ಲಾಶ್, ಅಷ್ಟೇ.

ತೋಟದಂಚು:
ಸದ್ಯಕ್ಕೆ 50 ಲೆನ್ಸ್ ಮತ್ತು ಬಲ್ಬ್ ಅಂದುಕೊಂಡೆ. ಜೆಪೆಗ್ ಸಾಕಾ, ರಾ (ಕ್ಯಾಮೆರಾದ ಕಚ್ಚಾ ಫೈಲ್) ಬೇಕಾ? ಮಳೆ ಹನಿದರೆ?

ಕಪ್ಪುಬಿಳುಪು:
ರಾ. ಬಲ್ಬಿನ ಬಣ್ಣವನ್ನು ಆಮೇಲೆ ತಿದ್ದಬಹುದು. ಹಾಗಂತ ಕಪ್ಪಗೆ ತೆಗೆದು ಕಂಪ್ಯೂಟರಿನಲ್ಲಿ ಬೆಳಗಿಸಬೇಡಿ, ನಾಯ್ಸ್ ಎದ್ದು ಬರುವುದು ಅಲ್ಲೇ. ಐಎಸ್ಒ ಒಂದು ಹೆಜ್ಜೆ ಹೆಚ್ಚಿದ್ದರೂ ಪರವಾಗಿಲ್ಲ, ಬೆಳಕು ಸರಿ ಬೀಳಲಿ.

ಹಳೇ ಅಗಳ:
ಮಳೆಗೆ ದಪ್ಪ ಪ್ಲಾಸ್ಟಿಕ್ ಚೀಲ, ಲೆನ್ಸಿನ ಮುಂದೆ ಮಾತ್ರ ತೂತು, ರಬ್ಬರ್ ಬ್ಯಾಂಡ್. ಒಳಗೆ ತಂದ ಕೂಡಲೇ ಚೀಲ ಬಿಚ್ಚಿ, ಒದ್ದೆ ಒರೆಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ನಮ್ಮ ಕಡೆಯ ಥಂಡಿಗೆ ಲೆನ್ಸೊಳಗೆ ಫಂಗಸ್ ಹಿಡಿಯೋಕೆ ಒಂದು ಮಳೆಗಾಲ ಸಾಕು. ಚಿರತೆ ಓಡಾಟ ಇದ್ದರೆ ಕತ್ತಲಲ್ಲಿ ಕ್ಯಾಮೆರಾ ತರೋಕೆ ಒಬ್ಬರೇ ಹೋಗಬೇಡಿ.