ಚೀಸ್ ಜೊತೆ ಯಾವ ಬಿಯರ್? ಹೊಸಬರಿಗೆ ಸ್ವಲ್ಪ ಹೇಳಿ

ಕುಂಬಳೆಯವ:
ಶನಿವಾರ ಬೆಂಗ್ಳೂರಿಂದ ಭಾವ ಬರ್ತಾರೆ, ಚೆಡ್ಡರ್, ಗೌಡಾ ಮತ್ತೆ ಬ್ಲೂ ಚೀಸ್ ತರ್ತಾರಂತೆ, ಬಿಯರ್ ನನ್ನ ಲೆಕ್ಕ. ನಮ್ಮಲ್ಲಿ ಬಿಯರಿಗೆ ಕಡ್ಲೆ ಇಲ್ಲಾಂದ್ರೆ ಮೀನು ಫ್ರೈ ಅಷ್ಟೇ. ಇಲ್ಲಿ ಸಿಗುದು ಹೆಚ್ಚಾಗಿ ಮಾಮೂಲಿ ಹಗುರ ಲಾಗರ್, ಮತ್ತೆ ಆಲ್ಕೋಹಾಲ್ ಜಾಸ್ತಿ ಇರುವ ಸ್ಟ್ರಾಂಗ್, ಅದ್ರಲ್ಲಿ ಆಗ್ತದಾ?

ಉಪ್ಪಳದಿಂದ:
ಧಾರಾಳ ಆಗ್ತದೆ. ಹಗುರ ಚೀಸಿಗೆ ಹಗುರ ಬಿಯರ್, ಜೋರು ಚೀಸಿಗೆ ಜೋರು ಬಿಯರ್, ಇಷ್ಟು ನೆನಪಿಟ್ರೆ ಸಾಕು. ಚೀಸಿನ ಕೊಬ್ಬು ನಾಲಗೆಗೆ ಅಂಟಿಕೊಂಡಿರ್ತದೆ, ಬಿಯರಿನ ಗ್ಯಾಸು ಮತ್ತೆ ಕಹಿ ಅದನ್ನು ತೊಳೆದು ಹಾಕ್ತದೆ, ಹಾಗಾಗಿ ಮುಂದಿನ ತುಂಡು ಪುನಃ ಹೊಸ್ತರ ಹಾಗೆ ರುಚಿ ಕೊಡ್ತದೆ. ಎಳೆ ಗೌಡಾಕ್ಕೆ ಲಾಗರ್ ಇಡಿ. ಹಳೆ ಚೆಡ್ಡರಿಗೆ ಐಪಿಎ (ಕಹಿ ಜಾಸ್ತಿ ಇರುವ ಬಿಯರ್) ಸಿಕ್ಕಿದ್ರೆ ಭಾರೀ ಒಳ್ಳೇದು, ಚೀಸಿನ ಉಪ್ಪು ಆ ಕಹಿಯನ್ನು ತಗ್ಗಿಸ್ತದೆ. ನೀಲಿ ಬೂಸ್ಟಿನ ಬ್ಲೂಗೆ ಸ್ಟೌಟ್ (ಹುರಿದ ರುಚಿಯ ಕಪ್ಪು ಬಿಯರ್) ಬೇಕು, ಇಲ್ಲದಿದ್ರೆ ಸ್ಟ್ರಾಂಗ್, ಅದ್ರಲ್ಲಿ ಸ್ವಲ್ಪ ಸಿಹಿ ಉಂಟಲ್ಲ ಅದು ಬ್ಲೂನ ಉಪ್ಪಿಗೆ ಹೊಂದ್ತದೆ. ಭಾವನ ಹತ್ರ ಬಾಟ್ಲಿ ಮಾತ್ರ ತರಿಸ್ಬೇಡಿ ಮಾರಾಯ್ರೆ, ಕೇರಳ ಗಡಿ ಮಂಜೇಶ್ವರದಲ್ಲಿ ಎಕ್ಸೈಸಿನವ್ರು ಗಾಡಿ ನೋಡ್ತಾರೆ.

ಹೊಸೂರು ಅಕ್ಕ:
ಚೀಸನ್ನ ಫ್ರಿಜ್ಜಿಂದ ಒಂದು ಗಂಟೆ ಮೊದ್ಲೇ ತೆಗೆದಿಡಿ, ನಿಮ್ಮ ಕಡೆ ಸೆಕೆ ಜಾಸ್ತಿ ಅಲ್ವಾ, ಅರ್ಧ ಗಂಟೆನೇ ಸಾಕು. ತಣ್ಣಗಿದ್ರೆ ಬರೀ ಮೇಣ ತಿಂದಂಗಿರತ್ತೆ, ವಾಸನೆನೇ ಬರಲ್ಲ. ಮೊದ್ಲು ಒಂದು ಗುಟುಕು ಬಿಯರ್, ಆಮೇಲೆ ಬೆರಳ ತುದಿಯಷ್ಟು ಚೀಸ್, ಅದು ಬಾಯಲ್ಲಿ ಕರಗ್ತಾ ಇರುವಾಗ್ಲೇ ಇನ್ನೊಂದು ಗುಟುಕು. ಆ ಎರಡನೇ ಗುಟುಕಲ್ಲೇ ಗೊತ್ತಾಗೋದು ಜೋಡಿ ಕೂಡ್ತಾ ಇಲ್ವಾ ಅಂತ. ಬೆಲ್ಜಿಯಂನಲ್ಲಿ ಶಿಮೇ ಅಂತ ಬ್ರ್ಯಾಂಡ್ ಇದೆ, ಅಲ್ಲಿನ ಮಠದ ಸನ್ಯಾಸಿಗಳು 1862ರಲ್ಲಿ ಬಿಯರ್ ಮಾಡೋಕೆ ಶುರು ಮಾಡಿದ್ರು, 1876ರಲ್ಲಿ ಚೀಸೂ ಶುರು ಮಾಡಿದ್ರು, ಒಂದು ಚೀಸಿನ ಸಿಪ್ಪೆನ ಅದೇ ಬಿಯರಲ್ಲೇ ತೊಳೀತಾರೆ!

ಕುಂಬಳೆಯವ:
ಥ್ಯಾಂಕ್ಸ್ ಅಕ್ಕ. ಜೊತೆಗೆ ಖಾರದ ಮಿಕ್ಸ್ಚರ್ ಇಟ್ರೆ ಅಡ್ಡಿ ಇಲ್ವಾ?

ಉಪ್ಪಳದಿಂದ:
ಬೇಡವೇ ಬೇಡ. ಖಾರ ಒಮ್ಮೆ ಬಾಯಿಗೆ ಹೋದ್ರೆ ಗೌಡಾ ಎಂತದು ಗೊತ್ತಾಗುದಿಲ್ಲ. ಸಾದಾ ಬ್ರೆಡ್, ಸ್ವಲ್ಪ ಗೇರುಬೀಜ ಇಡಿ. ಗೌಡಾ ಮೊದಲು, ಮತ್ತೆ ಚೆಡ್ಡರ್, ಬ್ಲೂ ಕಟ್ಟಕಡೆಗೆ, ಅದನ್ನು ಮೊದಲೇ ತಿಂದ್ರೆ ಉಳಿದದ್ದೆಲ್ಲ ಸಪ್ಪೆ.